ಬಾಲವಾಡಿಗೆ ಬೀಗ ಬಿದ್ದ ಮೇಲೆ

ನೀಲಗಿರಿಯ ಮಸಿನಗುಡಿಯಿಂದಾಚೆ, ಕಾಡಿಗೆ ಅಂಟಿಕೊಂಡ ಒಂದು ಆದಿವಾಸಿ ಹಾಡಿಯ ಬಾಲವಾಡಿಯಲ್ಲಿ ನಾನು ಟೀಚರ್ ಆಗಿದ್ದೆ. ಶೀಟಿನ ಮಾಡು, ಮುಂದೆ ತಂತಿಬೇಲಿ, ಒಳಗೆ ಕೈಬೆರಳಲ್ಲಿ ಎಣಿಸಬಹುದಾದಷ್ಟು ಮಕ್ಕಳು. ನನ್ನದು ಕನ್ನಡ, ತಾತ ಗುಂಡ್ಲುಪೇಟೆ ಕಡೆಯಿಂದ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು. ಮಕ್ಕಳದು ಹೆಚ್ಚಾಗಿ ಇರುಳರ ಮಾತು, ಪಾಠ ಮಾತ್ರ ತಮಿಳು. ಎಲ್ಲ ಕಲಸಿ ಮಾತಾಡಿಕೊಂಡು ಹೇಗೋ ನಡೆಯುತ್ತಿತ್ತು.

ಅವರಲ್ಲೊಬ್ಬಳು ಮೂರು ತುಂಬಿದರೂ ಬಾಯಿಬಿಡದ ಹುಡುಗಿ. ತಂದೆ ಇಲ್ಲ. ತಾಯಿ ಒಂದು ರೆಸಾರ್ಟಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಂದು ಮಧ್ಯಾಹ್ನ ಮೊಟ್ಟೆ ಹಂಚುತ್ತಿದ್ದಾಗ ಆ ಹುಡುಗಿ ನನ್ನ ಸೆರಗು ಜಗ್ಗಿ, "ಟೀಚರ್, ಇನ್ನೊಂದು" ಅಂದಳು. ಅದೇ ಅವಳ ಮೊದಲ ಮಾತು. ಸಂಜೆ ತಾಯಿಗೆ ಹೇಳಿದರೆ ಅವಳು ನಂಬಲೊಲ್ಲಳು. "ಇನ್ನೊಂದ್ಸಲ ಹೇಳಿ, ಹೆಂಗಂದ್ಲು?" ಎಂದು ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು.

ಅದಾದ ಸ್ವಲ್ಪ ದಿನಕ್ಕೇ ಬಾಲವಾಡಿ ಟೀಚರುಗಳನ್ನೆಲ್ಲ ಊಟಿಗೆ ಮೀಟಿಂಗಿಗೆ ಕರೆದರು. ಮಕ್ಕಳು ಕಡಿಮೆ ಇರುವ ಬಾಲವಾಡಿಗಳನ್ನು ಮುಚ್ಚಿ, ದೊಡ್ಡದೊಂದಕ್ಕೆ ಸೇರಿಸುತ್ತಾರಂತೆ. ಅಲ್ಲಿ ಗೋಡೆ ತುಂಬ ಚಿತ್ರ, ಹೊಸ ಆಟಿಕೆ, ತರಬೇತಿ ಪಡೆದವರು. ಕೇಳಲು ಚೆನ್ನಾಗಿಯೇ ಇತ್ತು. ನನ್ನ ಮಕ್ಕಳಿಗೂ ಅದೆಲ್ಲ ಸಿಗಲಿ ಎಂದೇ ನನಗೂ ಆಸೆ. ಆದರೂ ಎದ್ದು ನಿಂತು ಮೀಟಿಂಗ್ ನಡೆಸುತ್ತಿದ್ದ ಅಧಿಕಾರಿ ಮೇಡಂ ಅವರನ್ನು ಕೇಳಿದೆ.

"ಮೇಡಂ, ನಮ್ಮ ಹಾಡಿಯಿಂದ ಮಸಿನಗುಡಿಗೆ ಬರೋ ದಾರೀಲಿ ಆನೆ ಓಡಾಡುತ್ತೆ. ಅಷ್ಟು ಚಿಕ್ಕ ಮಕ್ಕಳು ಹೇಗೆ ಬರ್ತಾರೆ?"

"ಅಪ್ಪ ಅಮ್ಮ ಬಿಟ್ಟು ಹೋಗ್ತಾರೆ."

"ಅವರು ಬೆಳಗಾಗುತ್ತಲೇ ಕೆಲಸಕ್ಕೆ ಹೊರಟುಬಿಡ್ತಾರೆ, ಮೇಡಂ."

"ಎಲ್ಲದಕ್ಕೂ ಆಗಲ್ಲ ಅಂದ್ರೆ ಸುಧಾರಣೆ ಆಗೋದು ಯಾವಾಗ? ನೀವೇ ಏನಾದ್ರೂ ದಾರಿ ಮಾಡಿ, ಟೀಚರ್."

ಬೀಗ ಬಿತ್ತು. ನನ್ನನ್ನು ಮಸಿನಗುಡಿಯ ದೊಡ್ಡ ಬಾಲವಾಡಿಗೆ ಹಾಕಿದರು. ಬೇರೆ ದಾರಿ ಕಾಣದೆ, ದಿನಾ ಬೆಳಿಗ್ಗೆ ನಾನೇ ಹಾಡಿಗೆ ಹೋಗಿ, ಬರುವಷ್ಟು ಮಕ್ಕಳನ್ನು ಕೈಹಿಡಿದು ನಡೆಸಿಕೊಂಡು ಬರತೊಡಗಿದೆ.

ಒಂದು ದಿನ ತಿರುವಿನಲ್ಲಿ ಲದ್ದಿಯ ಹಸಿ ವಾಸನೆ ಮೂಗಿಗೆ ಬಡಿಯಿತು. ಲಂಟಾನದ ಪೊದೆ ಅಲುಗಿತು. ಒಂಟಿ ಸಲಗ. ಮಕ್ಕಳನ್ನು ರಸ್ತೆಯ ಕೆಳಗಿನ ಒಣ ಮೋರಿಯೊಳಕ್ಕೆ ತಳ್ಳಿ ನಾನೂ ನುಗ್ಗಿದೆ. ತಲೆಯ ಮೇಲೆ ಅದು ನಡೆದಾಡುತ್ತಿತ್ತು, ಮಣ್ಣು ಉದುರುತ್ತಿತ್ತು. ಆ ಹುಡುಗಿ ಕಿರುಚಲು ಬಾಯಿ ತೆರೆದಳು. ನಾನು ಅಂಗೈಯಿಂದ ಬಿಗಿಯಾಗಿ ಮುಚ್ಚಿದೆ. ಅವಳ ಬಿಸಿ ಉಸಿರು ಬೆರಳ ಸಂದಿಯಲ್ಲಿ ನುಗ್ಗುತ್ತಿತ್ತು. ಎಷ್ಟು ಹೊತ್ತೋ. ಅರಣ್ಯ ಇಲಾಖೆಯ ಜೀಪಿನ ಹಾರನ್ ಕೇಳಿದ ಮೇಲೆಯೇ ಕೈ ತೆಗೆದದ್ದು. ಮಕ್ಕಳ ಚಡ್ಡಿಯೆಲ್ಲ ಒದ್ದೆಯಾಗಿತ್ತು. ಒಬ್ಬರೂ ಅಳಲಿಲ್ಲ.

ಮರುದಿನ ಹಾಡಿಗೆ ಹೋದರೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. "ನಿಮ್ಮ ಮೇಲೆ ಸಿಟ್ಟಿಲ್ಲ ಟೀಚರ್, ಎದೆ ಗಟ್ಟಿಯಿಲ್ಲ" ಎಂದಳು ಆ ತಾಯಿ.

ಹಳೆಯದನ್ನೇ ತೆರೆಯಿರಿ, ಇಲ್ಲವೇ ಒಂದು ಜೀಪು ಕೊಡಿ ಎಂದು ಊಟಿಗೆ ಅಲೆದೆ. ಕೊನೆಗೆ ಆ ಮೇಡಂ ಸಿಕ್ಕಾಗ ತಾಳ್ಮೆಯಿಂದಲೇ ಹೇಳಿದರು: "ಹಾಡಿಯಿಂದ ಮಕ್ಕಳೇ ಬರ್ತಿಲ್ಲ. ಬಾರದ ಮಕ್ಕಳಿಗೆ ಜೀಪು ಹೇಗೆ ಕೇಳಲಿ?"

ಕಳೆದ ತಿಂಗಳು ಆ ತಾಯಿಯನ್ನು ನೋಡಲು ರೆಸಾರ್ಟಿನ ಹಿಂಬದಿಗೆ ಹೋದೆ. ಅವಳು ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಸ್ವಲ್ಪ ದೂರದಲ್ಲಿ ಹುಡುಗಿ ಮಣ್ಣಿನಲ್ಲಿ ಕೂತಿದ್ದಳು. ಸೊಂಟಕ್ಕೆ ಹಳೆ ಸೀರೆಯ ತುಂಡು, ಅದರ ಇನ್ನೊಂದು ತುದಿ ಕಂಬಕ್ಕೆ. ನಾನು ಓಡಿಹೋಗಿ ಬಿಚ್ಚತೊಡಗಿದೆ.

"ಬಿಚ್ಚಬೇಡಿ ಟೀಚರ್" ಎಂದಳು ತಾಯಿ, ಕೈ ನಿಲ್ಲಿಸದೆ. "ಹಿಂದೇನೇ ಕಾಡು. ನಾನು ತಲೆ ಬಗ್ಗಿಸಿದ್ರೆ ಇವಳು ಎಲ್ಲಿ ಹೋದ್ಲು ಅಂತ ಗೊತ್ತಾಗಲ್ಲ."

ಮಗುವನ್ನು ಇಲ್ಲಿ ಬಿಡು ಎಂದು ಅವಳಿಗೆ ಹೇಳಲು ನನ್ನ ಹತ್ತಿರ ಬೇರೆ ಯಾವ ಜಾಗವೂ ಇರಲಿಲ್ಲ. ಹುಡುಗಿ ನನ್ನನ್ನು ನೋಡುತ್ತಲೇ ಇದ್ದಳು. ಸೊಂಟಕ್ಕೆ ಒತ್ತದಂತೆ ಸ್ವಲ್ಪ ಸಡಿಲ ಬಿಟ್ಟು, ಗಂಟನ್ನು ನಾನೇ ಮತ್ತೆ ಹಾಕಿದೆ.