ರೆಸಿಸ್ಟೆನ್ಸ್ ಬಾಕ್ಸಿಗೆ ಹಚ್ಚಿದ ಕುಂಕುಮ

ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ನಾನು ಶಂಕರಪುರದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಸರ್ಕ್ಯೂಟ್ ಲ್ಯಾಬಿನಲ್ಲಿ ಅಟೆಂಡರ್. ರಿಟೈರಾದ ಮೇಲೂ ಕಾಂಟ್ರಾಕ್ಟಿನ ಮೇಲೆ ಉಳಿಸಿಕೊಂಡಿದ್ದಾರೆ. ಹೊಸದಾಗಿ ಸರ್ಕ್ಯೂಟ್ ಕಲಿಯುವ ಮಕ್ಕಳಿಗೆ ಮೀಟರು, ವೈರು ಎತ್ತಿಕೊಡುವುದು ನನ್ನ ಕೆಲಸ. ಈ ಸಲದ ದಸರೆಯ ನಂತರ ಆ ಸಾಮಾನಿಡುವ ಬೀರುವಿನ ಬಾಗಿಲು ತೆಗೆಯುವಾಗಲೆಲ್ಲ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.

ಆಯುಧಪೂಜೆಯ ದಿನ ನಮ್ಮ ವಿಭಾಗದ ಮೇಡಂ ಸ್ಪಷ್ಟವಾಗಿಯೇ ಹೇಳಿದ್ದರು, ಲ್ಯಾಬಿನ ಸಾಮಾನಿಗೆ ಹೂವು ಸಾಕು, ಕುಂಕುಮ ಬೇಡ ಎಂದು. ನಾನು ಚಾಮರಾಜಪೇಟೆಯ ಲೇತ್ ಅಂಗಡಿಗಳ ನಡುವೆ ಬೆಳೆದವನು. ಅಲ್ಲಿ ಯಂತ್ರ ಕೆಂಪಾಗುವಷ್ಟು ಹಚ್ಚುತ್ತಿದ್ದರು. ಬರೀ ಹೂವಿಟ್ಟರೆ ನನಗೆ ಪೂಜೆ ಅನ್ನಿಸಲಿಲ್ಲ. ಮೇಡಂ ಮಂಗಳಾರತಿ ತೆಗೆದುಕೊಂಡು ಹೋದ ಮೇಲೆ ಗಂಧ ಕುಂಕುಮ ನೀರಿನಲ್ಲಿ ಕಲಸಿ ಎಲ್ಲಕ್ಕೂ ಹಚ್ಚಿದೆ.

ರಜೆ ಮುಗಿದ ಕೂಡಲೇ ಪ್ರಾಕ್ಟಿಕಲ್ ಪರೀಕ್ಷೆ. ಬೆಳಿಗ್ಗೆ ಬಂದು ನೋಡಿದರೆ ಕಲೆಗಳು ಹಾಗೇ ಇದ್ದವು. ಮೇಡಂ ಕಣ್ಣಿಗೆ ಬೀಳಬಾರದೆಂದು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಒಂದು ರೆಸಿಸ್ಟೆನ್ಸ್ ಬಾಕ್ಸಿನಲ್ಲಿ ಕೆಂಪು ನೀರು ತಿರುಗಿಸುವ ಗುಂಡಿಯ ಅಡಿಗೆ ಇಳಿದದ್ದು ನನಗೆ ಕಂಡಿತು. ಮೇಲೆ ಒರೆಸಿ ಮೇಜಿನ ಮೇಲಿಟ್ಟೆ.

ಆ ಮೇಜು ಬಂದದ್ದು ಒಬ್ಬ ಮೆತ್ತನೆ ಸ್ವಭಾವದ ಹುಡುಗಿಗೆ. ಗುಂಡಿ ತಿರುಗಿಸುತ್ತ ರೆಸಿಸ್ಟೆನ್ಸ್ ಹೆಚ್ಚಿಸಿದಂತೆಲ್ಲ ಕರೆಂಟು ಇಳಿಯಬೇಕು, ಅದನ್ನು ಬರೆದುಕೊಂಡು ಗ್ರಾಫ್ ಎಳೆಯಬೇಕು. ಅವಳ ಮೀಟರಿನಲ್ಲಿ ಅಂಕಿಗಳು ಹಾರಾಡುತ್ತಿದ್ದವು. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದಳು. ಆಗಲೂ ಹಾಗೇ. ಕೊನೆಗೆ ನನ್ನನ್ನು ಕರೆದಳು.

"ಅಂಕಲ್, ಈ ಬಾಕ್ಸೇ ಸರಿ ಇಲ್ಲ ಅನ್ಸುತ್ತೆ. ಬೇರೆ ಕೊಡ್ತೀರಾ?"

ಬೇರೆ ಕಾಲೇಜಿನಿಂದ ಬಂದಿದ್ದ ಎಕ್ಸಾಮಿನರ್ ಇತ್ತ ತಿರುಗಿದರು. ಅವರ ಪಕ್ಕದಲ್ಲೇ ಮೇಡಂ ಇದ್ದರು.

"ಬಾಕ್ಸ್ ಸರಿ ಇದೆ ಕಣಮ್ಮ, ಬೆಳಿಗ್ಗೆ ನಾನೇ ನೋಡಿದೀನಿ. ನಿನ್ನ ಕನೆಕ್ಷನ್ನೇ ಲೂಸ್ ಇರ್ಬೇಕು" ಎಂದೆ.

"ಕೆಟ್ಟಿರೋದು ಬಾಕ್ಸೋ, ಓದೋ?" ಎಂದರು ಎಕ್ಸಾಮಿನರ್. ಹಿಂದಿನ ಮೇಜಿನ ಹುಡುಗರು ಕಿಸಕ್ಕೆಂದರು. ಅವಳು ಮತ್ತೆ ಬಿಚ್ಚಿದಳು, ಮತ್ತೆ ಜೋಡಿಸಿದಳು. ಹೊತ್ತು ಮುಗಿಯಿತು. ಖಾಲಿ ಗ್ರಾಫ್ ಹಾಳೆ ಕೊಟ್ಟು ಹೊರಗೆ ಹೋದಳು. ಪ್ರಾಕ್ಟಿಕಲ್ಲಿನಲ್ಲಿ ಫೇಲಾದರೆ ಇಡೀ ವಿಷಯವನ್ನೇ ಮತ್ತೆ ಕಟ್ಟಬೇಕು.

ನನಗೆ ಕೂರಲಾಗಲಿಲ್ಲ. ಬೀರು ತೆಗೆದೆ, ಮುಚ್ಚಿದೆ, ಮೆಟ್ಟಿಲು ಇಳಿದೆ, ಹತ್ತಿದೆ. ಕುಂಕುಮ ಭಕ್ತಿಯಿಂದ ಹಚ್ಚಿದ್ದೆ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಎಲ್ಲರ ಎದುರು ಆಡಿದ ಸುಳ್ಳಿನಲ್ಲಿ ಯಾವ ಭಕ್ತಿಯೂ ಇರಲಿಲ್ಲ. ಕಾಂಟ್ರಾಕ್ಟ್ ತಪ್ಪೀತೆಂಬ ಭಯವಷ್ಟೇ ಇತ್ತು. ಅವಳು ಕಾರಿಡಾರಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

"ನಂಗ್ಯಾಕೆ ಹೇಳ್ತೀರಾ ಅಂಕಲ್?" ಎಂದಳು. "ಬಾಕ್ಸ್ ಕೆಟ್ಟಿದೆ ಅಂತ ನಂಗೊತ್ತಿತ್ತು. ಅವ್ರಿಗೆ ಹೇಳ್ಬೇಕಿತ್ತು."

ಸ್ಕ್ರೂಡ್ರೈವರ್ ತೆಗೆದುಕೊಂಡು, ಬಾಕ್ಸ್ ಹಿಡಿದುಕೊಂಡು, ಎಕ್ಸಾಮಿನರ್, ಮೇಡಂ ಇಬ್ಬರೂ ಊಟ ಮಾಡುತ್ತಿದ್ದ ಕೋಣೆಗೆ ಹೋದೆ. ಅವರ ಎದುರೇ ಮುಚ್ಚಳ ಬಿಚ್ಚಿದೆ. ಗುಂಡಿಯ ಕೆಳಗೆ ಕರೆಂಟು ಹಾಯುವ ಹಿತ್ತಾಳೆಯ ಮೇಲೆ ಗಂಧ ಕುಂಕುಮ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಎಕ್ಸಾಮಿನರ್ ಚಮಚ ಕೆಳಗಿಟ್ಟು ಬಗ್ಗಿ ನೋಡಿದರು. ಮೇಡಂ ನನ್ನ ಮುಖ ನೋಡಲಿಲ್ಲ. "ಹೂವು ಸಾಕು ಅಂದಿದ್ನಲ್ಲ" ಎಂದರು, ಅಷ್ಟೇ. ಮಾರ್ಕ್ಸ್ ಇನ್ನೂ ಹಾಕಿರಲಿಲ್ಲವಾದ್ದರಿಂದ ಅವಳನ್ನು ಮಧ್ಯಾಹ್ನದ ಬ್ಯಾಚಿನಲ್ಲಿ ಕೂರಿಸಲು ಇಬ್ಬರೂ ಒಪ್ಪಿದರು.

ಮಧ್ಯಾಹ್ನ ನಾನೇ ಬೇರೆ ಬಾಕ್ಸ್ ತಂದುಕೊಟ್ಟೆ. ಅವಳು ಅದನ್ನು ಸರ್ಕ್ಯೂಟಿಗೆ ಸೇರಿಸಲಿಲ್ಲ. ಮೊದಲು ಮಲ್ಟಿಮೀಟರ್ ಹಿಡಿದು, ಗುಂಡಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿದಳು. ಆಮೇಲೆ ವೈರುಗಳು. ನಾನು ಕೊಟ್ಟ ಪ್ರತಿಯೊಂದು ವೈರಿನ ಎರಡೂ ತುದಿಗೆ ಮೀಟರು ಇಟ್ಟು, ವೈರು ಸರಿ ಇದೆಯೆಂದು ಅದು ಬೀಪ್ ಎಂದು ಕೂಗಿದ ಮೇಲೆಯೇ ಪಕ್ಕಕ್ಕಿಡುತ್ತಿದ್ದಳು.

"ವೈರನ್ನೂ ನೋಡ್ಬೇಕೇನಮ್ಮ?" ಎಂದರು ಎಕ್ಸಾಮಿನರ್, ಈಗ ಮೆತ್ತಗೆ.

"ನೋಡ್ಕೋತೀನಿ ಸಾರ್" ಎಂದು ನನ್ನ ಕಡೆ ತಿರುಗದೆ ಕೈ ಮಾತ್ರ ಚಾಚಿದಳು. ಮುಂದಿನ ವೈರು ಕೊಟ್ಟೆ.