ಆಡುಂಗ ಎಂದ ಮೇಷ್ಟ್ರು

ತಮಿಳು ಸೀಮೆಗೆ ಸೇರಿದ ತಾಳವಾಡಿ ಬೆಟ್ಟದ ಮೇಲಿನ ತಿಗನಾರೆಯ ಕೂಲಿ ಚಿಕ್ಕಸಿದ್ದನ ಮಗ ಪ್ರಭುಸ್ವಾಮಿ ಘಟ್ಟದ ಕೆಳಗಿನ ಕಾಲೇಜಿನಲ್ಲಿ ಚರಿತ್ರೆ ಮೇಷ್ಟ್ರಾದದ್ದು ಎರಡು ಸಾವಿರದ ಆರರಲ್ಲಿ. ಪಾಠ ತಮಿಳಿನಲ್ಲಿ. ಅವನು ಓದಿದ್ದೂ ಅದರಲ್ಲೇ. ಆದರೂ ಅವಸರಕ್ಕೆ ನಾಲಿಗೆಗೆ ಬರುತ್ತಿದ್ದುದು ಅವ್ವನ ಕನ್ನಡವೇ.

ಬೆಟ್ಟದ ಮಕ್ಕಳನ್ನು ನೋಡಿದರೆ ಅವನ ಕರುಳು ಚುರುಕ್ಕೆನ್ನುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಬಸ್ಸು ಹತ್ತಿ, ದಿಂಬಂ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದವರು, ಸಂಜೆಯವರೆಗೆ ಬೆಂಚಿಗೆ ಅಂಟಿಕೊಂಡಿರಬೇಕು. ಮೈ ಮರಗಟ್ಟಿದ ಮೇಲೆ ತಲೆಗೆ ಇಳಿಯುವುದೇನು, ಮಣ್ಣು! ಪಾಠದ ನಡುವೆ ಅವನು ಎಲ್ಲರನ್ನೂ ಎಬ್ಬಿಸಿ, ಕೈಕಾಲು ಆಡಿಸಿ, ಕೋಣೆಯಲ್ಲೇ ಒಂದು ಸುತ್ತು ಓಡಾಡಿಸತೊಡಗಿದ. ಸದಾ ತಲೆನೋವೆಂದು ಮುದುಡಿರುತ್ತಿದ್ದ ಪಣಕಹಳ್ಳಿಯ ರಂಜಿತ ನಗತೊಡಗಿದಳು, ಬಾಯಿಬಿಟ್ಟು ಪ್ರಶ್ನೆಯನ್ನೂ ಕೇಳಿದಳು.

ಒಂದು ದಿನ, ಎದ್ದು ಕೈಕಾಲು ಆಡಿಸಿ ಎನ್ನುವುದನ್ನು ಗಡಿಬಿಡಿಯಲ್ಲಿ ತಮಿಳಿಗೆ ತಿರುಗಿಸಿ "ಎಳುಂದು ಆಡುಂಗ" ಎಂದುಬಿಟ್ಟ. ತಮಿಳಿನಲ್ಲಿ ಅದರರ್ಥ ಎದ್ದು ಕುಣಿಯಿರಿ! ತರಗತಿ ಬಿದ್ದು ಬಿದ್ದು ನಕ್ಕಿತು. ಅಷ್ಟಕ್ಕೇ ಮುಗಿಯಬಾರದಿತ್ತೆ? ಸಂಜೆ ಬಸ್ಸು ತಾಳವಾಡಿ ಮುಟ್ಟುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಆ ಮಾತಿಗೆ ಗೆಜ್ಜೆ ಕಟ್ಟಿದ್ದರು: ಮೇಷ್ಟ್ರು ಹೆಣ್ಣುಮಕ್ಕಳನ್ನು ಕುಣಿಸುತ್ತಾನಂತೆ. ಮಾರನೆಯ ದಿನದಿಂದ ರಂಜಿತ ಬರಲಿಲ್ಲ.

ಭಾನುವಾರ ಪ್ರಭುಸ್ವಾಮಿ ಅವಳ ಅಪ್ಪ ಪುಟ್ಟಬಸಪ್ಪನ ಅಂಗಳಕ್ಕೆ ಹೋದ. ಚಿಕ್ಕಸಿದ್ದ ದುಡಿದ ಮನೆ ಅದು. ಮೇಷ್ಟ್ರಾದರೇನು, ಜಗಲಿಗೆ ಬಾ ಎನ್ನುವವರಿರಲಿಲ್ಲ.

"ಬುದ್ದಿ, ಕುಣೀರಿ ಅಂತ ಅಂದಿಲ್ಲ ನಾನು. ಮಾತು ತಪ್ಪೋಯ್ತು. ಚಂದಾಗಿ ಓದೋ ಮಗ, ಕಳ್ಸಿ," ಎಂದು ನಿಂತೇ ಬೇಡಿಕೊಂಡ.

ಪುಟ್ಟಬಸಪ್ಪ ಎಲೆಯಡಿಕೆ ಮಡಚಿ ಬಾಯಿಗಿಟ್ಟುಕೊಂಡ. "ನೀ ಒಳ್ಳೆವ್ನೇ ಕಣ್ಲಾ, ನಂಗೊತ್ತು. ಊರ್ ಬಾಯಿ ಮುಚ್ಚಕ್ಕಾದದಾ? ಕಳುಸ್ತೀನಿ. ಆದ್ರೆ ನನ್ ಮಗ್ಳು ಕೂತ ಜಾಗ ಬುಟ್ಟು ಎದ್ದು ನಿಂತ್ಕಬಾರ್ದು. ಲಿಂಗ ಮುಟ್ಟಿಸಿ ಆಣೆ ಮಾಡುಸ್ತೀನಿ."

ಸೋಮವಾರ ರಂಜಿತ ಬಂದಳು. ಪ್ರಭುಸ್ವಾಮಿಗೆ ಹೋದ ಜೀವ ಬಂದಂತಾಯಿತು. ಅವಳು ಬಂದರೆ ಸಾಕು, ಉಳಿದದ್ದು ಹೇಗೋ ಆದೀತು ಎಂದುಕೊಂಡ. ಪಾಠ ಅರ್ಧವಾಗುತ್ತಲೇ, ಅವನು ಹೇಳುವ ಮೊದಲೇ, ಮಕ್ಕಳು ರೂಢಿಯಂತೆ ತಾವೇ ಎದ್ದರು. ನಿಂತವರ ನಡುವೆ ರಂಜಿತ ಒಬ್ಬಳೇ ಕುಳಿತಿದ್ದಳು, ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ತಲೆ ತಗ್ಗಿಸಿದಳು, ಕಣ್ಣೀರು ಪುಸ್ತಕದ ಮೇಲೆ ತೊಟ್ಟಿಕ್ಕಿತು.

ಪ್ರಭುಸ್ವಾಮಿ ತಟ್ಟನೆ "ಉಕ್ಕಾರುಂಗ," ಎಂದ. ಎಲ್ಲರೂ ಕುಳಿತರು. ಆ ಕಾಲೇಜಿನಲ್ಲಿದ್ದಷ್ಟು ವರ್ಷ ಅವನು ಯಾವ ತರಗತಿಯನ್ನೂ ಮತ್ತೆ ಎಬ್ಬಿಸಲಿಲ್ಲ.