ಮೂರು ಅಡುಗೆಮನೆ, ಒಂದು ಮುರಿದ ಕಾಲು

ಉಪನಯನಕ್ಕೆ ಎರಡೇ ದಿನ ಇರುವಾಗ ಅಡುಗೆಯವರ ಕಾಲು ಮುರಿಯಿತು.

ಅಕ್ಕನ ಮಗನ ಉಪನಯನ. ತೆಕ್ಕಟ್ಟೆಯಲ್ಲಿ ಹಾಲ್. ನಾನೂರು ಎಲೆ. ಊಟದ ಉಸ್ತುವಾರಿ ಸೋದರಮಾವನಾದ ನನ್ನದು. (ಕೇಳಿ ಪಡೆದದ್ದು. ಅನುಭವಿಸಬೇಕಲ್ಲ!) ಉಳಿದದ್ದರಲ್ಲಿ ಏನು ಎಡವಟ್ಟಾದರೂ ನಡೆದೀತು, ಊಟ ಕೆಟ್ಟರೆ ಅಕ್ಕ ವರ್ಷಗಟ್ಟಲೆ ಮಾತು ಕೇಳಬೇಕು.

ನಮ್ಮ ಮನೆಯ ಸಮಾರಂಭಗಳಿಗೆಲ್ಲ ಸಾಲಿಗ್ರಾಮದ ಸೂರಣ್ಣನದೇ ಅಡುಗೆ. ಅದೇ ದಿನಕ್ಕೆ ಅವರು ಇನ್ನೆರಡು ಕಡೆ ಒಪ್ಪಿಕೊಂಡಿದ್ದರು. ಉಪ್ಪುಂದದಲ್ಲಿ ಮದುವೆ, ಬ್ರಹ್ಮಾವರದಲ್ಲಿ ಗೃಹಪ್ರವೇಶ. ಈಗ ನೋಡಿದರೆ ಬಚ್ಚಲಲ್ಲಿ ಜಾರಿ ಬಿದ್ದು ಮೊಣಕಾಲ ತನಕ ಪ್ಲಾಸ್ಟರ್.

ಉಪನಯನದ ಬೆಳಿಗ್ಗೆ ಕಾರು ತೆಗೆದುಕೊಂಡು ಅವರ ಮನೆಗೇ ಹೋದೆ.

"ಬನ್ನಿ ಸೂರಣ್ಣ. ಅಡುಗೆಮನೆಯಲ್ಲಿ ಕುರ್ಚಿ ಹಾಕಿಸ್ತೇನೆ. ಕೂತು ನೋಡಿಕೊಂಡರೆ ಸಾಕು."

"ನಾ ಬಂದ್ ಕೂಕಂಡ್ರೆ ಎಲ್ಲರೂ ನನ್ ಮುಖ ಕಾಂತ್ರ್. ಮತ್ತೆ ಒಲೆ ಕಾಂಬುದ್ ಯಾರ್?"

"ಹಾಗಾದರೆ ವಿಡಿಯೊ ಕಾಲ್?"

"ಎಂತಕ್ಕೆ ಮಾರ್ರೆ? ಉಪ್ಪ್ ವಿಡಿಯೊದೊಳ್ಗೆ ಕಾಣತ್ತಾ?" ಸೂರಣ್ಣ ನಕ್ಕರು. "ಎದ್ರಿಗೆ ನಿಂತ್ರೂ ನಾ ರುಚಿ ಕಾಂಬುಕಿಲ್ಲೆ."

ಅದು ನಿಜ. ದೇವರಿಗೆ ನೈವೇದ್ಯ ಆಗುವ ತನಕ ನಮ್ಮಲ್ಲಿ ಅಡುಗೆಯವರು ಯಾವುದನ್ನೂ ನಾಲಗೆಗೆ ಮುಟ್ಟಿಸುವುದಿಲ್ಲ. ಬಣ್ಣ, ಪರಿಮಳ, ಕೈಯಳತೆ, ಅಷ್ಟೇ. ಅಲ್ಲೇ ನಿಂತಿದ್ದರೂ ಉಪ್ಪು ಹಾಕಿದವನ ಕೈಯನ್ನು ನಂಬಬೇಕು.

ನಾನು ಪತ್ರಿಕೆಯ ಡೆಸ್ಕಿನವ. ಕುಂದಾಪುರದಲ್ಲಿ ಕೂತು ಬೈಂದೂರು, ಬ್ರಹ್ಮಾವರದ ವರದಿಗಾರರನ್ನು ಫೋನಿನಲ್ಲೇ ನಡೆಸುವುದು ನನ್ನ ಉದ್ಯೋಗ. ದಿನಕ್ಕೆ ಹತ್ತು ಸಲ "ಎಲ್ಲಿದ್ದೀಯಾ?" ಎಂದು ಕೇಳದಿದ್ದರೆ ನನಗೆ ಸಮಾಧಾನವಿಲ್ಲ. ಸಾಲದ್ದಕ್ಕೆ ಎಲ್ಲರ ಲೈವ್ ಲೊಕೇಶನ್ ನನ್ನ ಮೊಬೈಲಿನಲ್ಲಿದೆ.

ಸೂರಣ್ಣನ ಮೊಬೈಲ್ ಮಂಚದ ಮೇಲೆ ಸುಮ್ಮನೆ ಬಿದ್ದಿತ್ತು!

ಹಿಂದಿನ ಸಂಜೆ ಮೂರೂ ಕಡೆಯ ಮುಖ್ಯ ಅಡುಗೆಯವರನ್ನು ಇದೇ ಮಂಚದ ಪಕ್ಕ ಕೂರಿಸಿಕೊಂಡು ಒಬ್ಬೊಬ್ಬರಿಂದಲೇ ಇಡೀ ಕೆಲಸ ಹೇಳಿಸಿದ್ದರಂತೆ. ಯಾವ ಒಲೆ ಮೊದಲು, ಯಾವುದಕ್ಕೆ ಯಾರು, ಎಲೆ ಹಾಕುವಾಗ ಯಾವುದು ಬಿಸಿಯಿರಬೇಕು. ಸುಲಭಕ್ಕೆ ಸಿಡುಕದವನನ್ನು ಮದುವೆಮನೆಗೆ ಕಳಿಸಿದ್ದರು. ತೊಂದರೆಯಾದರೆ ಮಾತ್ರ ಫೋನ್ ಮಾಡಬೇಕು. ಮನೆಯವರು ಬೈದರೆ ಬೈಸಿಕೊಳ್ಳುವ ಪಾಲು ಸೂರಣ್ಣನದು.

ಆಗ ಫೋನ್ ಬಂತು. ತೆಕ್ಕಟ್ಟೆಯಿಂದ, ಅಲ್ಲಿನ ಮುಖ್ಯ ಅಡುಗೆಯವ ನಾಗೇಶ. ನಮ್ಮದೇ ಅಡುಗೆಮನೆ! ಪಾಯಸಕ್ಕೆ ಹಾಕಿದ ಕಾಯಿಹಾಲು ಒಡೆದಿತ್ತು.

ಸೂರಣ್ಣ ಕೇಳಿದ್ದು ಒಂದೇ ಪ್ರಶ್ನೆ. "ನೀ ಎಂತ ಮಾಡ್ಬೇಕ್ ಅಂದ್ಕಂಡಿದ್ದೆ?"

ಅತ್ತಲಿಂದ ನಾಗೇಶ ಏನೋ ಹೇಳಿದ.

"ಹಾಂ, ಹಾಂಗೇ ಮಾಡ್." ಫೋನ್ ಇಟ್ಟರು. ನನ್ನತ್ತ ತಿರುಗಿ, "ಅದನ್ನ್ ಬದಿಗಿಟ್ಟ್ ಬೇರೆ ಕಾಯಿ ತುರಿತ್ನ್ ಅಂಬ್ರ್. ಪಾಯ್ಸ ಒಂಚೂರ್ ತಡ ಆತ್ತ್" ಎಂದರು.

"ನೀವು ಏನೂ ಹೇಳಲೇ ಇಲ್ಲವಲ್ಲ?"

"ಒಲೆ ಎದ್ರಿಗ್ ಇಪ್ಪುದ್ ಅವ. ನಂಗೆ ಫೋನೊಳ್ಗೆ ಪರಿಮಳ ಬತ್ತಾ? ನೀವ್ ಹೋಯ್ನಿ, ಅಲ್ಲಿ ಮುಹೂರ್ತಕ್ಕೆ ಹೊತ್ತಾಯ್ತ್."

ಹೋದೆ. ಊಟವೂ ಆಯಿತು. ಪಾಯಸ ಹೋಳಿಗೆಯ ನಂತರ ಬಂತು. ಯಾರೂ ಆಕ್ಷೇಪಿಸಲಿಲ್ಲ, ದೊಡ್ಡಪ್ಪ ಮೂರನೇ ಸಲ ಹಾಕಿಸಿಕೊಂಡರು. ಸೂರಣ್ಣ ಬಂದಿಲ್ಲ ಎಂಬುದು ಅನೇಕರಿಗೆ ಗೊತ್ತೇ ಆಗಲಿಲ್ಲ. ಸಾರಿಗೆ ಮಾತ್ರ ಉಪ್ಪು ಮುಂದಾಗಿತ್ತು. ಭಾವ ಒಮ್ಮೆ ನನ್ನ ಮುಖ ನೋಡಿದರು. (ನಾನು ಎಲೆ ನೋಡಿದೆ.)

ಇದನ್ನು ಸೂರಣ್ಣನಿಗೆ ಹೇಗೆ ಹೇಳುವುದು? ಸಂಜೆ ಹಾಗೆ ಯೋಚಿಸುತ್ತಿರುವಾಗ ಅವರದೇ ಫೋನ್.

"ಹ್ವಾಯ್, ಸಾರಿಗೆ ಉಪ್ಪ್ ಹೆಚ್ಚಾಯ್ತಂಬ್ರ್. ತಪ್ಪ್ ನನ್ದ್. ಅಕ್ಕನ ಹತ್ರ ನಾನೇ ಮಾತಾಡ್ತೆ. ನಾಗೇಶನಿಗ್ ಎಂತ ಹೇಳ್ಬೇಡಿ."

"ನಿಮಗೆ ಯಾರು ಹೇಳಿದ್ದು?"

"ಅವನೇ. ಪಂಕ್ತಿ ಏಳುಕ್ ಮೊದ್ಲೇ ಫೋನ್ ಮಾಡಿದ್ದ."

ದೂರದಲ್ಲಿರುವ ತಂಡವನ್ನು ನಡೆಸುವುದು ಹೇಗೆಂದು ಕಲಿಸಲು ಈಗ ಕೋರ್ಸುಗಳಿವೆ, ಆ್ಯಪ್‌ಗಳಿವೆ. ಸೂರಣ್ಣನ ಹತ್ತಿರ ಇದ್ದದ್ದು ಒಂದು ಮಂಚ, ಒಂದು ಹಳೆಯ ಮೊಬೈಲ್.

ನನ್ನ ವರದಿಗಾರರು ಯಾವ ಹೊತ್ತಿನಲ್ಲಿ ಎಲ್ಲಿದ್ದಾರೆಂದು ನನಗೆ ಚೆನ್ನಾಗಿ ಗೊತ್ತು. ತಪ್ಪು ಮಾಡಿದ ದಿನ ಅವರ ಮೊದಲ ಫೋನ್ ನನಗೆ ಬರುತ್ತದೆಯೇ?